ಒಂದೇ ಮನೆ, ಇಬ್ಬರು ಮಕ್ಕಳು, ಒಬ್ಬನಿಗೆ ಮಾತ್ರ ಉಬ್ಬಸ: ಡೊಂಬಿವಲಿಯ ಒಂದು ಪ್ರಕರಣ

ಹುಡುಗನಿಗೆ ಎಂಟು ವರ್ಷ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಹಳೇ ಕಟ್ಟಡವೊಂದರ ನೆಲಮಹಡಿಯಲ್ಲಿ ಮನೆ. ಅಪ್ಪ ಕುಂದಾಪುರದ ಕಡೆಯವರು, ಮಾಟುಂಗಾದ ಒಂದು ಉಡುಪಿ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾರೆ. ಅಮ್ಮ ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು. ಹನ್ನೆರಡು ವರ್ಷದ ಅಕ್ಕ ಇದ್ದಾಳೆ, ಅವಳಿಗೆ ಉಬ್ಬಸದ ಸುಳಿವೂ ಇಲ್ಲ. ಜೊತೆಗೆ ಅಜ್ಜಿ, ಅಂದರೆ ಅಪ್ಪನ ತಾಯಿ. ನಾನು ಅದೇ ಭಾಗದಲ್ಲಿ ಫ್ಯಾಮಿಲಿ ಡಾಕ್ಟರ್. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಜುಲೈನಲ್ಲಿ, ಮಳೆ ಬಿಡದೆ ಸುರಿದ ಒಂದು ವಾರ, ಅವನನ್ನು ಎತ್ತಿಕೊಂಡೇ ಕ್ಲಿನಿಕ್ಕಿಗೆ ಬಂದರು. ಮೂರು ದಿನದಿಂದ ನೆಗಡಿ. ಹಿಂದಿನ ರಾತ್ರಿ ಮಲಗಲು ಆಗದೆ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದ್ದ. ಉಸಿರು ನಿಮಿಷಕ್ಕೆ 38. ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ 91 ಶೇಕಡಾ ತೋರಿಸಿತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಸಂದಿನ ಚರ್ಮ ಒಳಗೆ ಎಳೆಯುತ್ತಿತ್ತು. ಹೆಸರು ಕೇಳಿದರೆ ಹೇಳಿದ, ಯಾವ ಶಾಲೆ ಅಂದರೆ ಎರಡು ಪದಕ್ಕೇ ನಿಂತುಬಿಟ್ಟ. ಆಕ್ಸಿಜನ್ ಹಾಕಿ, ಸ್ಪೇಸರ್‌ನಲ್ಲಿ (ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ) ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್, ಬಾಯಿಗೆ ಸ್ಟೀರಾಯ್ಡ್ ಕೊಟ್ಟು ಹತ್ತಿರದ ನರ್ಸಿಂಗ್ ಹೋಮಿಗೆ ಕಳಿಸಿದೆ. ಎರಡು ದಿನ ಇದ್ದು ಮನೆಗೆ ಬಂದ.

ಇದು ಮೊದಲನೇ ಸಲ ಅಲ್ಲ. ಮಗುವಾಗಿದ್ದಾಗ ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಒಣ ಕಜ್ಜಿ. ಎರಡು ತುಂಬುವ ಹೊತ್ತಿಗೆ ನೆಗಡಿಯಾದಾಗೆಲ್ಲ ಎದೆಯಲ್ಲಿ ಸುಯ್ಯ್ ಸದ್ದು. ನಾಲ್ಕರ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು, ನಸುಕಿನ ಎರಡು ಮೂರು ಗಂಟೆಗೆ ಕೆಮ್ಮು. ಪ್ರತಿ ಮಳೆಗಾಲವೂ ಬೇರೆ ಬೇರೆ ಕಡೆ ನೆಬ್ಯುಲೈಸರ್, ಕೆಮ್ಮಿನ ಸಿರಪ್, ಆಂಟಿಬಯೋಟಿಕ್. ದಿನಾ ತೆಗೆದುಕೊಳ್ಳುವ ಇನ್ಹೇಲರ್ ಅಂತ ಒಬ್ಬರು ಬರೆದುಕೊಟ್ಟಿದ್ದರಂತೆ. ಮನೆಯವರು ಎರಡು ವಾರಕ್ಕೇ ನಿಲ್ಲಿಸಿದ್ದರು. ಕಾರಣ ನಮ್ಮವರ ಮನೆಮನೆಯಲ್ಲೂ ಕೇಳುವಂಥದ್ದೇ: ಅಭ್ಯಾಸ ಆಗಿಬಿಡುತ್ತೆ.

ಆಗಸ್ಟಿನಲ್ಲಿ, ಎದೆ ಒಂದಿಷ್ಟು ತಿಳಿಯಾದ ಮೇಲೆ, ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಮಾಡಿಸಿದೆವು. ಮೊದಲ ಒಂದು ಸೆಕೆಂಡಿನಲ್ಲಿ ಊದಿದ ಗಾಳಿ 1.12 ಲೀಟರ್. ಸಾಲ್ಬುಟಮಾಲ್ ಕೊಟ್ಟು ಕಾಲು ಗಂಟೆ ಬಿಟ್ಟು ಊದಿಸಿದರೆ 1.32. ಅಂದರೆ 18 ಶೇಕಡಾ ಏರಿಕೆ. 12 ದಾಟಿದರೆ ಸಾಕು, ಶ್ವಾಸನಾಳ ಬಿಗಿದುಕೊಳ್ಳುತ್ತಿದೆ, ಔಷಧಿಗೆ ಸಡಿಲವಾಗುತ್ತಿದೆ ಅಂತ ಅರ್ಥ. ಜೊತೆಗೆ ನಸುಕಿನ ಕೆಮ್ಮು, ಕಜ್ಜಿ, ಸೀನು. ಆಸ್ತಮಾ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಮಾತ್ರ ಬೇರೆ ಪ್ರಶ್ನೆ ಹೊಗೆಯಾಡುತ್ತಿತ್ತು.

ಯಾರ ಕಡೆಯಿಂದ ಬಂತು?

ಅಜ್ಜಿಗೆ ಅನುಮಾನವೇ ಇರಲಿಲ್ಲ. "ಇದ್ ನಮ್ ಬದಿದಲ್ಲ" ಅಂದರು, ಸೊಸೆ ಪಕ್ಕದಲ್ಲೇ ಕೂತಿದ್ದಾಗ. ಸೊಸೆಯ ತಾಯಿಗೆ ಗೂರಲು ಇತ್ತು, ಚಳಿಗಾಲವಿಡೀ ಕೂತೇ ನಿದ್ದೆ ಮಾಡುತ್ತಿದ್ದರು ಅನ್ನೋದು ಮದುವೆಗೆ ಮೊದಲೇ ಗೊತ್ತಿದ್ದ ವಿಷಯ. ಹಾಗಾಗಿ ತೀರ್ಪು ಹುಡುಗ ಹುಟ್ಟುವ ಮೊದಲೇ ಆಗಿಹೋಗಿತ್ತು. ಅಪ್ಪನ ವಾದ ಬೇರೆ: ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಯಿಂದ ರಾತ್ರಿ ಬರುವ ಕೆಮಿಕಲ್ ವಾಸನೆಯೇ ಕಾರಣ. ಅಮ್ಮ ಏನೂ ಹೇಳಲಿಲ್ಲ. ಆಮೇಲೆ ಒಬ್ಬರೇ ಇದ್ದಾಗ ಕೇಳಿದರು, "ನನ್ನಿಂದಲೇ ಬಂತಾ ಡಾಕ್ಟ್ರೇ?"

ಈ ಪ್ರಶ್ನೆಗೆ ಸುಮ್ನೆ ಸಮಾಧಾನದ ಮಾತು ಹೇಳಿ ಕಳಿಸಬಾರದು ಅಂತ ನನಗನ್ನಿಸುತ್ತದೆ. ಹಾಗಾಗಿ ಎರಡೂ ಕಡೆಯ ಆರೋಗ್ಯದ ಇತಿಹಾಸ ಕೂರಿಸಿಕೊಂಡು ಕೇಳಿದೆ. ಉಬ್ಬಸ ಅಂತ ಕೇಳಿದರೆ ಅಪ್ಪನ ಕಡೆ ಯಾರೂ ಇಲ್ಲ. ಆದರೆ ಪ್ರಶ್ನೆ ಬದಲಿಸಿ, ಬೆಳಿಗ್ಗೆ ಸೀನು ಯಾರಿಗೆ, ಮೈ ಕಜ್ಜಿ ಯಾರಿಗೆ, ಕಣ್ಣು ತುರಿಕೆ ಯಾರಿಗೆ ಅಂದ ಕೂಡಲೇ ಹೆಸರುಗಳು ಉದುರತೊಡಗಿದವು. ಅಪ್ಪನಿಗೇ ದಿನಾ ಬೆಳಿಗ್ಗೆ ಹತ್ತು ಸೀನು ಬಂದೇ ಬರಬೇಕು, ಅದನ್ನು ಯಾರೂ ಕಾಯಿಲೆ ಅಂತ ಎಣಿಸಿಯೇ ಇಲ್ಲ. ಅಪ್ಪನ ತಂಗಿಗೆ ಮದುವೆಯಾಗುವ ತನಕ ಮೊಣಕೈ ಮಡಿಕೆಯಲ್ಲಿ ಕಜ್ಜಿ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಕ್ಕಳಿಗೆ ದಾಟುವುದು ಉಬ್ಬಸವೇ ಅಲ್ಲ. ದಾಟುವುದು ಒಂದು ಒಲವು. ಧೂಳುಹುಳ (ಹಾಸಿಗೆ, ದಿಂಬಿನ ಧೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ), ಜಿರಳೆಯಂಥ ನಿರುಪದ್ರವಿ ವಸ್ತುಗಳ ವಿರುದ್ಧ ಐಜಿಇ ಎಂಬ ಪ್ರತಿಕಾಯ ಹುಟ್ಟಿಸುವ ಒಲವು, ನೆಗಡಿ ವೈರಸ್ ಬಂದರೆ ಶ್ವಾಸನಾಳ ಅತಿಯಾಗಿ ಊದಿಕೊಳ್ಳುವ ಒಲವು, ಚರ್ಮದ ತಡೆ ತೆಳುವಾಗುವ ಒಲವು. ಚರ್ಮದ ವಿಷಯದಲ್ಲಿ ಫಿಲಾಗ್ರಿನ್ ಅನ್ನುವ ಜೀನ್ ಹೆಸರು 2006ರಲ್ಲಿ ಎದ್ದು ಬಂತು. ಅದು ಕೆಟ್ಟಿದ್ದರೆ ಕಜ್ಜಿ, ಕಜ್ಜಿಯ ಬೆನ್ನಿಗೇ ಆಸ್ತಮಾ ಬರುವ ಸಂಭವ ಜಾಸ್ತಿ. ಹೀಗೆ ಪಾಲು ಇರುವ ಜಾಗಗಳು ನಮ್ಮ ವರ್ಣತಂತುಗಳಲ್ಲಿ ನೂರಕ್ಕೂ ಮೇಲಿವೆ. ಒಂದೊಂದರ ಪಾಲೂ ಚಿಕ್ಕದು. ಈ ಹುಡುಗನಿಗೆ ಸ್ವಲ್ಪ ಅಮ್ಮನಿಂದ, ಸ್ವಲ್ಪ ಅಪ್ಪನಿಂದ ಬಂದಿದೆ. ಒಂದು ಕಡೆಯವರ ತಲೆಗೆ ಕಟ್ಟುವ ಹಾಗಿಲ್ಲ.

ಮತ್ತೆ, ಜೀನ್ ಒಂದೇ ಎಲ್ಲ ತೀರ್ಮಾನಿಸುವುದಾದರೆ ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೂ ಇರಲೇಬೇಕಿತ್ತು. ಹಾಗಿಲ್ಲ. ಅವಳಿಗಳ ಅಧ್ಯಯನಗಳು ವಂಶದ ಪಾಲು ಅರ್ಧಕ್ಕಿಂತ ಹೆಚ್ಚು ಅಂತ ಹೇಳುತ್ತವೆ, ನಿಜ. ಆದರೂ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದು ಅಪರೂಪವೇನಲ್ಲ.

ಮನೆಯೊಳಗೆ ಕಂಡದ್ದು

ಅವರ ಮನೆಗೆ ಹೋಗಿ ನೋಡಿದೆ. ಉಬ್ಬಸದ ಮಗುವಿನ ಮನೆಯನ್ನು ಕಣ್ಣಾರೆ ನೋಡದೆ ಸಲಹೆ ಕೊಟ್ಟರೆ ಅದು ಪಾಂಪ್ಲೆಟ್ ಓದಿದ ಹಾಗೇ ಆಗುತ್ತದೆ, ಯಾರೂ ಪಾಲಿಸುವುದಿಲ್ಲ.

ಒಂದು ರೂಮು, ಹಾಲು, ಅಡುಗೆಮನೆ. ಹುಡುಗ ಅಜ್ಜಿಯ ಜೊತೆ ಒಳಗಿನ ರೂಮಿನಲ್ಲಿ ಮಲಗುತ್ತಾನೆ. ಮಂಚ ಗೋಡೆಗೆ ತಾಗಿಸಿಟ್ಟಿದೆ. ಆ ಗೋಡೆಯ ಆಚೆ ಪಕ್ಕದ ಮನೆಯ ಬಚ್ಚಲು. ಮೇಲಿನ ಮನೆಯ ಪೈಪೂ ಅದರೊಳಗೇ ಇಳಿಯುತ್ತದೆ. ಮಂಚವನ್ನು ಅಪ್ಪನೂ ನಾನೂ ಎಳೆದು ನೋಡಿದರೆ ದಿಂಬಿನ ಎತ್ತರಕ್ಕೆ ಸರಿಯಾಗಿ ಬಣ್ಣ ಗುಳ್ಳೆ ಎದ್ದು ಬಿರಿದಿದೆ, ಒಳಗೆ ಬೂದುಗಪ್ಪು ಬೂಷ್ಟು. ಬೆರಳಿನಿಂದ ಒತ್ತಿದರೆ ಪ್ಲಾಸ್ಟರ್ ಪುಡಿಯಾಗಿ ಉದುರಿತು. ಹಾಸಿಗೆ ಹತ್ತಿಯದು, ಅಜ್ಜಿ ಊರಿನಿಂದ ತಂದದ್ದು. ಎಷ್ಟು ಹಳೇದು ಅಂತ ಅವರಿಗೇ ಲೆಕ್ಕ ಸಿಗಲಿಲ್ಲ. ಮಂಚದ ಕೆಳಗೆ ಸ್ಟೀಲ್ ತಟ್ಟೆ, ಅದರಲ್ಲಿ ಸೊಳ್ಳೆ ಕಾಯಿಲಿನ ಬೂದಿ ಸುರುಳಿ ಸುರುಳಿಯಾಗಿ. ಕಿಟಕಿ ರಾತ್ರಿ ಮುಚ್ಚಿರುತ್ತದೆ, ಯಾಕೆಂದರೆ ಸೊಳ್ಳೆ.

ಅಡುಗೆಮನೆಯಲ್ಲಿ ಫ್ರಿಜ್ಜನ್ನು ಸ್ವಲ್ಪ ಮುಂದಕ್ಕೆ ಎಳೆದೆವು. ಹಿಂಬದಿಯ ಅಂಚಿನಲ್ಲಿ, ಸಿಂಕಿನ ಕೆಳಗಿನ ಮೂಲೆಯಲ್ಲಿ, ಚಹಾಪುಡಿ ಚೆಲ್ಲಿದಂತೆ ಜಿರಳೆಯ ಹಿಕ್ಕೆ. ಮೂಲೆಯಲ್ಲಿ ಸ್ಪ್ರೇ ಡಬ್ಬಿ, ವಾರಕ್ಕೊಮ್ಮೆ ಹೊಡೆಯುತ್ತಾರಂತೆ. ದೇವರ ಗೂಡು ಹಾಲಿನಲ್ಲಿ, ಬೆಳಿಗ್ಗೆ ಸಂಜೆ ಊದುಬತ್ತಿ, ಶುಕ್ರವಾರ ಸಾಂಬ್ರಾಣಿ. ಅಪ್ಪ ಸಿಗರೇಟು ಸೇದುವುದು "ಹೊರಗೆ". ಹೊರಗೆ ಅಂದರೆ ಒಳರೂಮಿನ ಕಿಟಕಿಯ ಕೆಳಗಿನ ಕಟ್ಟೆ.

ಎಂಐಡಿಸಿಯ ವಾಸನೆ ನಿಜವೇ, ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಒಂದು ಸೊಳ್ಳೆ ಕಾಯಿಲು ಪೂರ್ತಿ ಉರಿದರೆ ಹೊರಬರುವ ಪಿಎಂ 2.5 ಸೂಕ್ಷ್ಮಕಣ 75ರಿಂದ 137 ಸಿಗರೇಟಿನಷ್ಟು ಅಂತ 2003ರಲ್ಲಿ ಪ್ರಕಟವಾದ ಅಳತೆ ಇದೆ. ಅದನ್ನು ಹೇಳಿದಾಗ ಅಪ್ಪ ಮಂಚದ ಕೆಳಗೆ ಬಗ್ಗಿ ತಟ್ಟೆಯನ್ನು ಇನ್ನೊಮ್ಮೆ ನೋಡಿದರು. ಮಗನ ಮೂಗಿನಿಂದ ಆ ತಟ್ಟೆಗೆ ಮೂರಡಿ ಕೂಡ ಇಲ್ಲ.

ಚರ್ಮದ ಅಲರ್ಜಿ ಪರೀಕ್ಷೆ ಮಾಡಿಸಿದಾಗ ಧೂಳುಹುಳಕ್ಕೆ 6 ಮಿ.ಮೀ. ಗಂಧೆ ಎದ್ದಿತು, ಜಿರಳೆಗೆ 5. ಮೂರು ಮಿ.ಮೀ. ಮೇಲಿದ್ದರೆ ಪಾಸಿಟಿವ್. ಬೂಷ್ಟಿಗೆ ಏನೂ ಇಲ್ಲ. ಹಾಗಾದರೆ ಗೋಡೆಯನ್ನು ಬಿಟ್ಟುಬಿಡಬಹುದು ಅಲ್ವಾ ಅಂತ ಅಪ್ಪ ಆಸೆಯಿಂದ ಕೇಳಿದರು, ಅದು ದುಬಾರಿ ಕೆಲಸ. ಬಿಡುವ ಹಾಗಿರಲಿಲ್ಲ. ತೇವದ ಮನೆಗೂ ಉಬ್ಬಸಕ್ಕೂ ಇರುವ ನಂಟು ಬೂಷ್ಟಿನ ಅಲರ್ಜಿ ಒಂದರಿಂದಲೇ ಬರುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ತಂದು, ಅಲರ್ಜಿ ಇಲ್ಲದವರಿಗೂ ಇದರಿಂದ ತೊಂದರೆ ಇದೆ ಅಂತ ಹೇಳಿತ್ತು. ಮೇಲಾಗಿ ಧೂಳುಹುಳ ನೀರು ಕುಡಿಯುವ ಪ್ರಾಣಿಯಲ್ಲ. ಗಾಳಿಯ ತೇವವನ್ನೇ ಮೈಗೆ ಹೀರಿಕೊಂಡು ಬದುಕುತ್ತದೆ. ಸುತ್ತಲಿನ ತೇವ 50 ಶೇಕಡಾಕ್ಕಿಂತ ಕೆಳಗೆ ಇಳಿದು ಹಾಗೇ ಉಳಿದರೆ ಒಣಗಿ ಸಾಯುತ್ತದೆ. ಮುಂಬಯಿಯ ಮಳೆಗಾಲದಲ್ಲಿ 80ರ ಮೇಲೇ ಇರುತ್ತದೆ. ಈ ಊರಿನಲ್ಲಿ ಧೂಳುಹುಳವನ್ನು ನಿರ್ಮೂಲ ಮಾಡುತ್ತೇವೆ ಅಂತ ಯಾರಾದರೂ ಮಾತು ಕೊಟ್ಟರೆ ಅವರ ಕೈಯಲ್ಲಿ ಮಾರುವುದಕ್ಕೆ ಏನೋ ಇದೆ ಅಂತ ತಿಳಿಯಿರಿ.

ಜಿರಳೆಯ ವಿಷಯ ಇನ್ನೂ ಸ್ಪಷ್ಟ. ಅಮೆರಿಕದ ನಗರಗಳ ಬಡ ಬಡಾವಣೆಗಳ ಮಕ್ಕಳ ಮೇಲೆ ನಡೆದ, 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಿರಳೆ ಅಲರ್ಜಿಯೂ ಇದ್ದು, ಮಲಗುವ ಕೋಣೆಯ ಧೂಳಿನಲ್ಲಿ ಜಿರಳೆಯ ಅಂಶವೂ ಜಾಸ್ತಿ ಇದ್ದ ಮಕ್ಕಳು ಉಬ್ಬಸಕ್ಕೆ ಆಸ್ಪತ್ರೆ ಸೇರುವುದು ಬೇರೆಯವರಿಗಿಂತ ಮೂರು ಪಟ್ಟಿಗೂ ಮೇಲಿತ್ತು. ಗಮನಿಸಿ, ಎರಡೂ ಸೇರಬೇಕು. ಅಲರ್ಜಿ ಮಾತ್ರ ಇದ್ದು ಜಿರಳೆ ಇಲ್ಲದಿದ್ದರೂ, ಜಿರಳೆ ಇದ್ದು ಅಲರ್ಜಿ ಇಲ್ಲದಿದ್ದರೂ ಅಷ್ಟು ಏರಿಕೆ ಕಾಣಲಿಲ್ಲ. ಈ ಮನೆಯ ಅಕ್ಕನೂ ಅದೇ ಅಡುಗೆಮನೆಯಲ್ಲಿ ತಿಂಡಿ ತಿನ್ನುತ್ತಾಳೆ, ಅವಳಿಗೆ ಏನೂ ಆಗುವುದಿಲ್ಲ.

ಅಕ್ಕ ಯಾಕೆ ಪಾರಾದಳು?

ಅಕ್ಕ ಹುಟ್ಟಿದಾಗ ಅಪ್ಪನಿಗೆ ಇಲ್ಲಿ ಮನೆ ಇರಲಿಲ್ಲ. ಹೋಟೆಲಿನ ಹಿಂದಿನ ರೂಮಿನಲ್ಲಿ ಹುಡುಗರ ಜೊತೆ ಮಲಗುತ್ತಿದ್ದರು, ಉಡುಪಿ ಹೋಟೆಲಿನ ನೂರಾರು ಜನರ ಹಾಗೆ. ಹೆಂಡತಿ ತವರಿನಲ್ಲಿ. ಅಕ್ಕ ಮೂರು ವರ್ಷ ತೀರ್ಥಹಳ್ಳಿ ಕಡೆಯ ಆ ಮನೆಯಲ್ಲೇ ಬೆಳೆದಳು. ಮನೆಗೆ ಅಂಟಿಕೊಂಡೇ ಕೊಟ್ಟಿಗೆ, ಅಮ್ಮ ಬಸುರಿಯಾಗಿದ್ದಾಗಲೂ ಸಗಣಿ ಬಾಚಿದ್ದಾರೆ. ಆಮೇಲೆ ಡೊಂಬಿವಲಿಯ ಈ ಮನೆ ಸಿಕ್ಕಿತು. ಮಾರನೇ ವರ್ಷ ಹುಡುಗ ಇಲ್ಲೇ ಹುಟ್ಟಿದ. ಅವನ ಗರ್ಭಕಾಲ, ಎಳೆತನ ಎರಡೂ ಈ ಗೋಡೆ, ಈ ಕಾಯಿಲು, ಈ ಕಿಟಕಿ ಕೆಳಗಿನ ಸಿಗರೇಟಿನ ನಡುವೆ.

ಒಬ್ಬ ಅಕ್ಕ ಒಬ್ಬ ತಮ್ಮ, ಇದರಿಂದ ಏನೂ ಸಾಬೀತಾಗುವುದಿಲ್ಲ. ಒಡಹುಟ್ಟಿದವರು ಸರಾಸರಿ ಅರ್ಧ ಜೀನ್‌ಗಳನ್ನಷ್ಟೇ ಹಂಚಿಕೊಳ್ಳುತ್ತಾರೆ, ಅವಳಿಗೆ ಆ ಒಲವೇ ಬಂದಿರಲಿಕ್ಕಿಲ್ಲ. ಚಿಕ್ಕ ವಯಸ್ಸಿನಲ್ಲಿ ಉಬ್ಬಸ ಹುಡುಗರಲ್ಲಿ ಜಾಸ್ತಿ, ಪ್ರಾಯ ಬಂದ ಮೇಲೆ ಲೆಕ್ಕ ತಿರುಗಿ ಹೆಂಗಸರಲ್ಲಿ ಜಾಸ್ತಿ. ಅವಳ ಕಥೆ ಮುಗಿದಿಲ್ಲ. ಆದರೂ ಈ ಮನೆಯ ಜೋಡಿ ಒಂದು ದೊಡ್ಡ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಆಮಿಶ್, ಹಟರೈಟ್ ಅಂತ ಎರಡು ಸಮುದಾಯ ಇವೆ. ಇಬ್ಬರ ಮೂಲವೂ ಮಧ್ಯ ಯುರೋಪ್, ವಂಶ ಹತ್ತಿರ ಹತ್ತಿರ. ಊಟ, ಮನೆಯ ಪದ್ಧತಿಯಲ್ಲೂ ಹೋಲಿಕೆ ಇದೆ. ಆಮಿಶ್ ಜನ ಹಳೇ ಕಾಲದ ಹಾಗೆ ಮನೆ ಪಕ್ಕದಲ್ಲೇ ದನ ಕಟ್ಟಿ, ಕುದುರೆಯಲ್ಲಿ ಉಳುತ್ತಾರೆ. ಹಟರೈಟರದು ಯಂತ್ರದ ದೊಡ್ಡ ಕೃಷಿ, ದನಗಳು ಮನೆಯಿಂದ ದೂರ. 2016ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಆಮಿಶ್ ಮಕ್ಕಳಲ್ಲಿ ಆಸ್ತಮಾ ಸುಮಾರು 5 ಶೇಕಡಾ, ಹಟರೈಟ್ ಮಕ್ಕಳಲ್ಲಿ ಸುಮಾರು 21. ಆಮಿಶ್ ಮನೆಗಳ ಧೂಳಿನಲ್ಲಿ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಪದರದ ಚೂರು, 6.8 ಪಟ್ಟು ಹೆಚ್ಚು. ಎಳೆತನದಿಂದಲೇ ಅದರ ಜೊತೆ ಬೆಳೆದ ಮೈ ಅಲರ್ಜಿಯ ದಾರಿ ಹಿಡಿಯುವುದು ಕಡಿಮೆ.

ಇನ್ನು ಜೀನ್ ಕಡೆಗೆ ಬರೋಣ. ಹದಿನೇಳನೇ ವರ್ಣತಂತುವಿನ ಮೇಲೆ 17ಕ್ಯೂ21 ಅಂತ ಒಂದು ಜಾಗ. ಒಆರ್‌ಎಂಡಿಎಲ್3, ಜಿಎಸ್‌ಡಿಎಂಬಿ ಅನ್ನುವ ಜೀನ್‌ಗಳು ಅಲ್ಲಿವೆ. ಬಾಲ್ಯದ ಆಸ್ತಮಾಕ್ಕೂ ಈ ಜಾಗಕ್ಕೂ ನಂಟಿದೆ ಅಂತ 2007ರಲ್ಲಿ ಗೊತ್ತಾಯಿತು. ಮುಂದಿನ ವರ್ಷವೇ ಫ್ರಾನ್ಸಿನ ಕುಟುಂಬಗಳ ಅಧ್ಯಯನ ಬಂತು. ಈ ಜಾಗದ ಅಪಾಯದ ರೂಪ ಇದ್ದವರಲ್ಲಿ ನಾಲ್ಕು ವರ್ಷದೊಳಗೇ ಶುರುವಾಗುವ ಆಸ್ತಮಾ ಜಾಸ್ತಿ, ಅದರಲ್ಲೂ ಎಳೆತನದಲ್ಲಿ ಮನೆಯವರ ಬೀಡಿ ಸಿಗರೇಟಿನ ಹೊಗೆ ಕುಡಿದಿದ್ದರೆ ಇನ್ನೂ ಜಾಸ್ತಿ. 2013ರಲ್ಲಿ ಇನ್ನೊಂದು ಕೊಂಡಿ ಸಿಕ್ಕಿತು: ಇದೇ ರೂಪ ಇದ್ದ ಮಕ್ಕಳಿಗೆ ರೈನೋವೈರಸ್ ನೆಗಡಿಯಲ್ಲಿ ಎದೆ ಸುಯ್ಯ್ ಅಂದಿದ್ದರೆ ಮುಂದೆ ಆಸ್ತಮಾ ಗಟ್ಟಿಯಾಗುವ ಸಾಧ್ಯತೆ ಹೆಚ್ಚು.

ಇಲ್ಲಿಯ ತನಕ ಕೇಳಿದರೆ ಇದು ಬರೀ ಕೆಟ್ಟ ಜೀನ್ ಅನ್ನಿಸುತ್ತದೆ, ಅಲ್ವಾ? ಯುರೋಪಿನ ಹಳ್ಳಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ, 2016ರಲ್ಲೇ ಬಂದ ಇನ್ನೊಂದು ಅಧ್ಯಯನ ಕಥೆಯನ್ನು ತಿರುಗಿಸಿತು. ಅದೇ ಅಪಾಯದ ರೂಪ ಇದ್ದ ಮಕ್ಕಳಿಗೇ ದನದ ಕೊಟ್ಟಿಗೆಯ ಒಡನಾಟದಿಂದ ಸಿಕ್ಕ ರಕ್ಷಣೆಯೂ ಜಾಸ್ತಿ. ಹೊಗೆ ಸಿಕ್ಕರೆ ಹೆಚ್ಚು ಕೆಡುವುದೂ ಅವರೇ, ಕೊಟ್ಟಿಗೆ ಸಿಕ್ಕರೆ ಹೆಚ್ಚು ಉಳಿಯುವುದೂ ಅವರೇ. ಸಿಡಿ14 ಅನ್ನುವ ಇನ್ನೊಂದು ಜೀನ್‌ನಲ್ಲೂ ಹೀಗೇ: ಎಂಡೋಟಾಕ್ಸಿನ್ ಕಡಿಮೆ ಇರುವ ಮನೆಯಲ್ಲಿ ಒಳ್ಳೇದು ಅನ್ನಿಸಿದ ರೂಪವೇ ಜಾಸ್ತಿ ಇರುವ ಮನೆಯಲ್ಲಿ ಅಪಾಯದ ಕಡೆಗೆ ವಾಲಿತು.

ಅಂದರೆ ಈ ಜೀನ್‌ಗಳು ಉಬ್ಬಸವನ್ನು ತರುವುದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಏನಿದೆಯೋ ಅದು ಮಗುವಿಗೆ ಎಷ್ಟು ತಾಗಬೇಕು ಅನ್ನುವುದನ್ನು ನಿರ್ಧರಿಸುತ್ತವೆ. ಅಜ್ಜಿಯ ವಾದ ತಲೆಕೆಳಗಾಗುವುದು ಇಲ್ಲೇ. ರಕ್ತದಲ್ಲಿ ಬಂದದ್ದು, ನಾವೇನು ಮಾಡೋಕಾಗುತ್ತೆ ಅನ್ನುವುದು ಅವರ ಮಾತಾಗಿತ್ತು. ರಕ್ತದಲ್ಲಿ ಬಂದಿರುವ ಮಗುವಿಗೇ ಮನೆ ಸರಿಮಾಡಿದರೆ ಲಾಭ ಜಾಸ್ತಿ. ಅಕ್ಕ ಆ ಒದ್ದೆ ಗೋಡೆ ಪಕ್ಕ ಮಲಗಿದ್ದರೂ ನಡೆಯುತ್ತಿತ್ತೇನೋ. ಇವನಿಗೆ ನಡೆಯುವುದಿಲ್ಲ.

ಮಾಡಿದ್ದು, ಆಗದೇ ಹೋದದ್ದು

ಮೊದಲು ಔಷಧಿ. ಊತ ಇಳಿಸುವ ಸ್ಟೀರಾಯ್ಡ್ ಬುಡೆಸೊನೈಡ್ ಇನ್ಹೇಲರ್, ಕಡಿಮೆ ಡೋಸ್, ಸ್ಪೇಸರ್ ಹಾಕಿ, ದಿನಾ. ಆಮೇಲೆ ಬಾಯಿ ಮುಕ್ಕಳಿಸುವುದು. ಮನೆ ಎಷ್ಟೇ ಚೊಕ್ಕಟವಾದರೂ ಊದಿಕೊಂಡ ಶ್ವಾಸನಾಳ ಅದರಿಂದಲೇ ಇಳಿಯುವುದಿಲ್ಲ. ಉಸಿರು ಕಟ್ಟಿದಾಗ ಮಾತ್ರ ಸಾಲ್ಬುಟಮಾಲ್ ಎಳೆದು ಸುಮ್ಮನಾಗುವ ಪದ್ಧತಿ ಬೇಡ ಅಂತ 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತಿವೆ. ಎತ್ತರ ಕುಗ್ಗುತ್ತೆ ಅನ್ನುವ ಭಯಕ್ಕೆ ಅಮ್ಮನಿಗೆ ನೇರ ಉತ್ತರ ಕೊಟ್ಟೆ: ಬಾಲ್ಯದಲ್ಲಿ ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳು ದೊಡ್ಡವರಾದಾಗ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಇದ್ದದ್ದು ನಿಜ. ನಸುಕಿನ ಮೂರು ಗಂಟೆಗೆ ಕೂತು ಉಸಿರಿಗೆ ಒದ್ದಾಡುವುದರ ಮುಂದೆ ಆ ಒಂದು ಸೆಂಟಿಮೀಟರ್ ಇಟ್ಟು ತೂಗಿ ಅಂದೆ. ತೂಗಿದರು.

ಆಮೇಲೆ ಮನೆ. ದುಡ್ಡು ಬೇಡದ್ದನ್ನು ಮೊದಲು ಮಾಡಿದೆವು. ಮಂಚ ಆ ಗೋಡೆಯಿಂದ ಎದುರಿನ ಗೋಡೆಗೆ ಹೋಯಿತು. ಕಾಯಿಲು ಹೋಗಿ ಸೊಳ್ಳೆಪರದೆ ಬಂತು. ಕಿಟಕಿಗೆ ಜಾಲರಿ ಬಿಗಿಸಿದ ಮೇಲೆ ರಾತ್ರಿ ತೆರೆದಿಡಲೂ ಆಯಿತು. ಹಳೇ ಹಾಸಿಗೆ ಬಿಡಲು ಅಜ್ಜಿ ಒಪ್ಪಲಿಲ್ಲ. ಕೊನೆಗೆ ಅವರು ಅದರ ಮೇಲೆ ಹಾಲಿನಲ್ಲಿ ಮಲಗುವುದು, ಮೊಮ್ಮಗನಿಗೆ ಬೇರೆ ಹೊಸ ಹಾಸಿಗೆ ಅಂತ ರಾಜಿಯಾಯಿತು. ಹೊದಿಕೆ, ದಿಂಬಿನ ಕವರು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ. ಅಲರ್ಜಿ ತಡೆಯುವ ದುಬಾರಿ ಹಾಸಿಗೆ ಕವರಿನ ಬಗ್ಗೆ ಅಪ್ಪ ವಿಚಾರಿಸಿದರು. ಕವರು ಒಂದನ್ನೇ ನಂಬಿ ಮಾಡಿದ ಪ್ರಯೋಗಗಳ ಫಲ ಹೇಳಿಕೊಳ್ಳುವ ಹಾಗಿಲ್ಲ. ಒಂದು ಮಗುವಿಗೆ ಯಾವುದು ತಾಗುತ್ತದೆ ಅಂತ ಪರೀಕ್ಷೆ ಮಾಡಿ, ಅದಕ್ಕೆ ತಕ್ಕ ಹಾಗೆ ಮನೆಯ ನಾಲ್ಕಾರು ಸಂಗತಿ ಒಟ್ಟಿಗೆ ಬದಲಿಸಿದಾಗ ಫಲ ಇದೆ. ಅಮೆರಿಕದಲ್ಲಿ 937 ಮಕ್ಕಳ ಮೇಲೆ ಹೀಗೆ ಮಾಡಿ 2004ರಲ್ಲಿ ತೋರಿಸಿದ್ದಾರೆ. ಆ ದುಡ್ಡನ್ನು ಗೋಡೆಗೆ ಇಟ್ಟುಕೊಳ್ಳಿ ಅಂದೆ.

ಜಿರಳೆಗೆ ಸ್ಪ್ರೇ ನಿಲ್ಲಿಸಿ ಜೆಲ್ ಚುಕ್ಕೆ ಇಟ್ಟರು. ಸ್ಪ್ರೇಯ ಮಂಜು ಉಬ್ಬಸದ ಮಗುವಿಗೇ ಕೆಡುಕು. ಮೇಲಾಗಿ ಕಣ್ಣಿಗೆ ಬಿದ್ದ ನಾಲ್ಕು ಜಿರಳೆ ಸತ್ತು ಉಳಿದವು ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಜೆಲ್ ಇಟ್ಟ ಮೇಲೆ ಹಿಕ್ಕೆ, ರೆಕ್ಕೆ ಚೂರು ಎಲ್ಲ ಸೋಪುನೀರಲ್ಲಿ ಒರೆಸಿ ತೆಗೆಯಬೇಕು, ಅಲರ್ಜಿ ಇರುವುದು ಅದರಲ್ಲೇ. ಡಿಸೆಂಬರ್ ಹೊತ್ತಿಗೆ ಅಡುಗೆಮನೆ ಚೊಕ್ಕ. ಮಾರ್ಚಿನಲ್ಲಿ ಮತ್ತೆ ಕಾಣಿಸಿಕೊಂಡವು, ಪಕ್ಕದ ಮನೆಯ ಮೋರಿ ದಾರಿಯಿಂದ. ಇಡೀ ಕಟ್ಟಡಕ್ಕೆ ಒಟ್ಟಿಗೆ ಮಾಡಿಸಿ ಅಂತ ಸೊಸೈಟಿಗೆ ಅಪ್ಪ ಪತ್ರ ಕೊಟ್ಟಿದ್ದಾರೆ. ರೀಡೆವಲಪ್‌ಮೆಂಟಿಗೆ ಹೋಗುವ ಕಟ್ಟಡ, ಈಗ ಯಾಕೆ ಖರ್ಚು ಅನ್ನುವುದು ಅವರ ಉತ್ತರ. ಪೈಪಿನ ಸೋರಿಕೆಗೂ ಅದೇ ಉತ್ತರ ಬಂದಿತ್ತು. ಮುಂಬಯಿಯಲ್ಲಿ ಹಳೇ ಕಟ್ಟಡದಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತು: ಇಂದಲ್ಲ ನಾಳೆ ಒಡೆಯುತ್ತಾರೆ ಅಂತ ಹತ್ತು ಮಳೆಗಾಲ ಕಳೆದಿರುತ್ತದೆ. ಕೊನೆಗೆ ಮೇಲಿನ ಮನೆಯವರೂ ಇವರೂ ಅರ್ಧರ್ಧ ಹಾಕಿ ನವೆಂಬರಿನಲ್ಲಿ ಪೈಪ್ ಬದಲಿಸಿದರು. ಬೂಷ್ಟು ಹಿಡಿದ ಪ್ಲಾಸ್ಟರ್ ಕೆತ್ತಿ ಹೊಸದು ಮಾಡಿದರು. ಕೆತ್ತುವ ಮೂರು ದಿನ ಹುಡುಗ ಕಲ್ಯಾಣದ ಸಂಬಂಧಿಕರ ಮನೆಯಲ್ಲಿ.

ಊದುಬತ್ತಿ ಎಲ್ಲಕ್ಕಿಂತ ಕಷ್ಟ. ಎಣ್ಣೆ ದೀಪ ಸಾಕು, ಹೂವು ಇಡಿ ಅಂದರೆ ಅಜ್ಜಿಗೆ ಅದು ಪೂಜೆಯೇ ಅಲ್ಲ. ಈಗ ಸಾಂಬ್ರಾಣಿ ನಿಂತಿದೆ. ಊದುಬತ್ತಿ ಹುಡುಗ ಶಾಲೆಗೆ ಹೋದ ಮೇಲೆ ಒಂದೇ ಒಂದು, ಕಿಟಕಿ ತೆರೆದು. ಅಪ್ಪನ ಸಿಗರೇಟು ಪೂರ್ತಿ ಹೋಗಿಲ್ಲ. ಮನೆ ಹತ್ತಿರ ಇಲ್ಲ, ಹೋಟೆಲಿನಲ್ಲಿ ದಿನಕ್ಕೆ ಎರಡು ಮೂರು. ರಾತ್ರಿ ಬಂದು ಶರ್ಟ್ ಬದಲಿಸಿ ಮುಖ ತೊಳೆದು ಮಗನ ಹತ್ತಿರ ಹೋಗುತ್ತಾರೆ. ಬಿಡಿ ಅಂತ ಪ್ರತಿ ಸಲ ಹೇಳುತ್ತೇನೆ.

ಜನವರಿಯಲ್ಲಿ ಊದಿಸಿದಾಗ ಔಷಧಿಗೆ ಮೊದಲೇ 1.38 ಲೀಟರ್. ನಸುಕಿನ ಕೆಮ್ಮು ಇಲ್ಲ. ಇನ್ಹೇಲರ್ ಎಷ್ಟು ಮಾಡಿತು, ಮನೆ ಎಷ್ಟು ಮಾಡಿತು ಅಂತ ಬಿಡಿಸಿ ಹೇಳಲು ಬರುವುದಿಲ್ಲ, ಎರಡೂ ಒಟ್ಟಿಗೇ ಶುರುವಾದವು.

ಮೇ ತಿಂಗಳ ಪಾಠ

ರಜೆಯಲ್ಲಿ ಮಕ್ಕಳನ್ನು ತೀರ್ಥಹಳ್ಳಿಗೆ ಕಳಿಸಿದರು. ಕೊಟ್ಟಿಗೆಯ ವಿಷಯ ನನ್ನಿಂದಲೇ ಕೇಳಿದ್ದರಲ್ಲ, ಒಂದು ತಿಂಗಳು ಅಲ್ಲಿದ್ದರೆ ಗುಣವಾಗಿಬಿಡುತ್ತೆ ಅಂತ ಮನಸ್ಸಿನಲ್ಲಿ ಕೂತಿತ್ತು. ಬುಡೆಸೊನೈಡನ್ನು ಬೇಕಂತಲೇ ಡೊಂಬಿವಲಿಯಲ್ಲಿ ಬಿಟ್ಟು ಹೋಗಿದ್ದರು. ಮೂರನೇ ರಾತ್ರಿ ಫೋನ್ ಬಂತು, ಹುಡುಗನಿಗೆ ಮತ್ತೆ ಉಸಿರು ಕಟ್ಟಿದೆ. ಅದೃಷ್ಟಕ್ಕೆ ಸಾಲ್ಬುಟಮಾಲ್ ಮತ್ತು ಸ್ಪೇಸರ್ ಬ್ಯಾಗಿನಲ್ಲಿತ್ತು. ಫೋನಿನಲ್ಲೇ ಹೇಳಿಕೊಟ್ಟು, ಸ್ವಲ್ಪ ತಗ್ಗಿದ ಮೇಲೆ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಕೇಳಿದರೆ ಎಲ್ಲ ತಿಳಿಯಿತು. ಮೊಮ್ಮಕ್ಕಳು ಬಂದರು ಅಂತ ಅಟ್ಟದಿಂದ ಹಾಸಿಗೆ ಇಳಿಸಿ ಹಾಸಿದ್ದಾರೆ, ಇಡೀ ವರ್ಷ ಬಿಚ್ಚದ ಹಾಸಿಗೆ. ಮಲಗುವ ಕೋಣೆಯ ಪಕ್ಕವೇ ಬಚ್ಚಲೊಲೆ, ಬೆಳಗಿನ ಜಾವದಿಂದ ಸೌದೆ ಹೊಗೆ. ಅಕ್ಕ ಅದೇ ಹಾಸಿಗೆಯಲ್ಲಿ ಸುಖವಾಗಿ ನಿದ್ದೆ ಮಾಡಿದಳು.

ಕೊಟ್ಟಿಗೆಯ ರಕ್ಷಣೆ ಅಮ್ಮನ ಹೊಟ್ಟೆಯಲ್ಲಿದ್ದಾಗ, ಹುಟ್ಟಿದ ಮೊದಲ ಕೆಲವು ವರ್ಷ, ಮೈ ಯಾವುದಕ್ಕೆ ಹೆದರಬೇಕು ಅಂತ ಕಲಿಯುವ ಹೊತ್ತಿನಲ್ಲಿ ಸಿಗುವಂಥದ್ದು. ಎಂಟು ವರ್ಷಕ್ಕೆ ಧೂಳುಹುಳದ ಅಲರ್ಜಿ ಗಟ್ಟಿಯಾದ ಮೇಲೆ ಹಳ್ಳಿ ಔಷಧಿಯಲ್ಲ. ಹಳ್ಳಿ ಅಂದರೆ ಶುದ್ಧ ಗಾಳಿ, ಮುಂಬಯಿ ಅಂದರೆ ವಿಷ ಅನ್ನುವುದು ನಮ್ಮ ಜನ ಊರ ಮೇಲಿನ ಮೋಹಕ್ಕೆ ಹೇಳಿಕೊಳ್ಳುವ ಮಾತು. ಸೌದೆ ಒಲೆಯ ಮುಂದೆ ಜೀವಮಾನ ಕಳೆದ, ಹುಡುಗನ ಅಮ್ಮನ ತಾಯಿಯ ಗೂರಲಿಗೆ ಯಾವ ಎಂಐಡಿಸಿ ಕಾರಣ?

ಈ ಜುಲೈ ಕಳೆಯಿತು. ನೆಗಡಿ ಎರಡು ಸಲ ಬಂತು, ಒಮ್ಮೆ ಎದೆ ಸ್ವಲ್ಪ ಬಿಗಿಯಿತು, ಆಸ್ಪತ್ರೆ ಬೇಕಾಗಲಿಲ್ಲ. ಇನ್ಹೇಲರ್ ಮುಂದುವರಿದಿದೆ.

ಹುಡುಗನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಐರೋಲಿಯಲ್ಲಿ ಇದ್ದಾರೆ, ಈಗ ನಾಲ್ಕು ತಿಂಗಳ ಬಸುರಿ. ಹುಡುಗನ ಅಮ್ಮನ ಜೊತೆ ಕ್ಲಿನಿಕ್ಕಿಗೆ ಬಂದು, ಮಗುವಿಗೆ ಜೀನ್ ಟೆಸ್ಟ್ ಮಾಡಿಸಬಹುದಾ ಅಂತ ಕೇಳಿದರು. ಯಾರೋ ಆನ್‌ಲೈನಿನಲ್ಲಿ ಮಾರುತ್ತಾರಂತೆ. ಬೇಡ ಅಂದೆ. 17ಕ್ಯೂ21ರ ಅಪಾಯದ ರೂಪ ಉಬ್ಬಸವೇ ಇಲ್ಲದ ಎಷ್ಟೋ ಜನರಲ್ಲೂ ಇದೆ, ಇರುವವರಲ್ಲಿ ಬಹಳ ಮಂದಿಗೆ ಏನೂ ಆಗುವುದಿಲ್ಲ. ಉತ್ತರ ಏನೇ ಬಂದರೂ ಮಾಡಬೇಕಾದ್ದು ಬದಲಾಗುವುದಿಲ್ಲ. ಅವರ ತಾಯಿಗೆ ಗೂರಲು, ಅಕ್ಕನ ಮಗನಿಗೆ ಆಸ್ತಮಾ, ಅವರಿಗೇ ವರ್ಷವಿಡೀ ಮೂಗು ಕಟ್ಟುವುದು. ಪುಕ್ಕಟೆಯಾಗಿ ಸಿಕ್ಕ ಈ ಮಾಹಿತಿ ಆ ಟೆಸ್ಟಿಗಿಂತ ಜಾಸ್ತಿ ಹೇಳುತ್ತದೆ. ಗಂಡ ಸಿಗರೇಟು ಈಗಲೇ ಬಿಡಬೇಕು, ಮಗು ಹುಟ್ಟಿದ ಮೇಲೆ ಅಲ್ಲ. ಕಾಯಿಲಿನ ಬದಲು ಪರದೆ. ಮಗುವಿಗೆ ಕಜ್ಜಿ ಕಂಡರೆ ತಡ ಮಾಡದೆ ಕರೆದುಕೊಂಡು ಬರಬೇಕು. ಅವರ ಬಾಡಿಗೆ ಕರಾರು ಅಕ್ಟೋಬರಿನಲ್ಲಿ ಮುಗಿಯುತ್ತದೆ, ಹೊಸ ಮನೆ ಹುಡುಕುತ್ತಿದ್ದಾರೆ. ಮಳೆ ನಿಲ್ಲುವ ಮೊದಲೇ ಹೋಗಿ ನೋಡಿ, ಬಚ್ಚಲಿನ ಆಚೆ ಬದಿಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ ಅಂದೆ. ಡಿಸೆಂಬರಿನಲ್ಲಿ ಹೊಸ ಬಣ್ಣ ಬಳಿದ ಮೇಲೆ ನೋಡಿದರೆ ಒದ್ದೆ ಗೋಡೆ ಯಾವುದು ಅಂತ ಏಜೆಂಟಿಗೂ ನೆನಪಿರುವುದಿಲ್ಲ.